ದೇವರ ಮೀನು, ನಮ್ಮ ಹಳ್ಳ

ಕಳೆದ ಜನವರಿಯ ಒಂದು ಭಾನುವಾರ ಮನೆಮಂದಿಯೆಲ್ಲ ಬೆಳ್ತಂಗಡಿ ತಾಲ್ಲೂಕಿನ ಶಿಶಿಲಕ್ಕೆ ಹೋಗಿದ್ದೆವು. ಅಲ್ಲಿ ದೋಣಿವಿಹಾರವಿಲ್ಲ, ಉಯ್ಯಾಲೆಗಳಿಲ್ಲ. ಘಟ್ಟದ ಬುಡದಲ್ಲಿ ಹರಿಯುವ ಕಪಿಲಾ ಹೊಳೆ, ದಡದಲ್ಲಿ ಶಿಶಿಲೇಶ್ವರ ದೇವಾಲಯ, ನೀರಿನ ತುಂಬ ಪೆರುವೋಳು ಮೀನು. ಜನ ದೂರದಿಂದ ಬರುವುದು ಈ ಮೀನುಗಳನ್ನು ನೋಡುವುದಕ್ಕೆಂದೇ. ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಕಪ್ಪು ಬೆನ್ನಿನ ಮೀನುಗಳು ಒಂದರ ಮೇಲೊಂದು ಬಿದ್ದು ನೀರೇ ಕುದಿಯುತ್ತಿರುವಂತೆ ಕಾಣುತ್ತದೆ. ಮಕ್ಕಳು ಅಲ್ಲಿಂದ ಏಳಲೊಪ್ಪಲಿಲ್ಲ.

ಇವು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ಕೂಡ ಇದೇ ನಂಬಿಕೆ ಮೀನನ್ನು ಕಾಯುತ್ತ ಬಂದಿದೆ. ಕಾನೂನಿಗಿಂತ ಮೊದಲೇ ನಮ್ಮ ಹಿರಿಯರು ಕಂಡುಕೊಂಡ ಸಂರಕ್ಷಣೆಯ ದಾರಿ ಇದು. ಆದರೆ ಶಿಶಿಲದಲ್ಲಿ ಮೀನುಗಳಿಗೊಂದು ಸ್ಮಾರಕವೂ ಇದೆ. 1996ರಲ್ಲಿ ಹೊಳೆಗೆ ಬಿದ್ದ ವಿಷದಿಂದ ಅಲ್ಲಿನ ಮೀನುಗಳು ರಾಶಿರಾಶಿಯಾಗಿ ಸತ್ತವು. ಅದನ್ನು ಕಂಡ ಮಗಳು, "ಹೊಳೆಗೆ ವಿಷ ಹಾಕುವವರು ಎಂಥವರು?" ಎಂದು ಕೇಳಿದಳು. "ಕಿಡಿಗೇಡಿಗಳು" ಎಂದುಬಿಟ್ಟೆ.

ಮನೆಗೆ ಮರಳಿದ ಮೇಲೆ ಆ ಉತ್ತರ ನನ್ನನ್ನೇ ಚುಚ್ಚತೊಡಗಿತು. ಕಾರಣ, ನಮ್ಮ ತೋಟದಂಚಿನ ಹಳ್ಳದ ಕಲ್ಲಿನ ಮೇಲೆ ಉಳಿದಿದ್ದ ನೀಲಿ ಕಲೆ. ಕಳೆದ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಾದ ಮೇಲೆ ಡ್ರಮ್ಮನ್ನು ತೊಳೆದದ್ದು ಅಲ್ಲಿಯೇ. ತೊಳೆದವನು ಕಿಡಿಗೇಡಿಯಲ್ಲ, ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಾನು.

ಕೊಳೆರೋಗಕ್ಕೆ ಬೋರ್ಡೋ ಬೇಕು, ಅದನ್ನು ಬಿಡಿ ಎಂದು ನಾನು ಹೇಳಲಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರಿಗೆ ಮೊದಲೊಮ್ಮೆ, ನಲವತ್ತು–ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಇದನ್ನು ರೈತರಿಗೆ ಎಷ್ಟೋ ಸಲ ಹೇಳಿದ್ದೇನೆ. ಡ್ರಮ್ಮನ್ನು ಎಲ್ಲಿ ತೊಳೆಯಬೇಕೆಂದು ಮಾತ್ರ ಹೇಳಿರಲಿಲ್ಲ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಘಟ್ಟದ ಹಳ್ಳಗಳದು ಸುಣ್ಣದಂಶ ಕಡಿಮೆಯಿರುವ ಮೆದುನೀರಾದ್ದರಿಂದ ಆ ವಿಷ ಇನ್ನೂ ತೀವ್ರವಾಗಿ ತಟ್ಟುತ್ತದೆ. ನಾವು ಔಷಧಿ ಹೊಡೆಯುವ ಕಾಲವೂ, ಹತ್ತುಮೀನು ಹೊಸನೀರಿಗೆದುರಾಗಿ ಏರಿ ಮೊಟ್ಟೆಯಿಡುವ ಕಾಲವೂ ಒಂದೇ. ಮರಿಮೀನು ಸತ್ತರೆ ತೇಲಿದ್ದು ಯಾರಿಗೂ ಕಾಣುವುದಿಲ್ಲ. ಅದಕ್ಕೆ ಯಾರೂ ಸ್ಮಾರಕ ಕಟ್ಟುವುದಿಲ್ಲ.

ಮಂಡಕ್ಕಿಯ ವಿಚಾರವೂ ಹೀಗೆಯೇ. ಪೆರುವೋಳು ಮಂಡಕ್ಕಿ ನಂಬಿ ಬದುಕಿದ ಮೀನಲ್ಲ. ದಡದ ಅತ್ತಿ, ನೇರಳೆಗಳಿಂದ ಉದುರುವ ಹಣ್ಣು, ಎಲೆಯಿಂದ ಬೀಳುವ ಹುಳು, ಕಲ್ಲಿನ ಪಾಚಿ, ಸಣ್ಣ ಶಂಖದ ಹುಳು ಅದರ ಆಹಾರ. ತಿನ್ನದೆ ಉಳಿದ ಮಂಡಕ್ಕಿ ಕೊಳೆತಾಗ ಮೀನಿಗೆ ಬೇಕಾದ ಆಮ್ಲಜನಕವನ್ನೇ ನೀರಿನಿಂದ ಹೀರುತ್ತದೆ. ತೋಟ ವಿಸ್ತರಿಸಲು ಹೊಳೆಯಂಚಿನ ಮರ ಕಡಿದು, ರಜೆಯ ದಿನ ಹೋಗಿ ಮೀನಿಗೆ ಮಂಡಕ್ಕಿ ಹಾಕುವುದು ಎಂಥ ಭಕ್ತಿ?

ದೇವಾಲಯದ ಮುಂದಿನ ಮಡುವೊಂದನ್ನು ಕಾಯ್ದರೆ ಮೀನು ಉಳಿಯುವುದಿಲ್ಲ. ಮಡುವಿಗೆ ಬರುವ ನೀರು ಮೇಲಿನ ನೂರು ಹಳ್ಳಗಳದು, ಆ ಹಳ್ಳಗಳು ನಮ್ಮವು. ಡ್ರಮ್ಮು, ಪಂಪುಗಳನ್ನು ಹಳ್ಳದಿಂದ ದೂರದಲ್ಲಿ ತೊಳೆದು ಆ ನೀರನ್ನು ತೋಟದ ಗುಂಡಿಗೆ ಸುರಿಯೋಣ. ಅಂದಂದಿಗೆ ಬೇಕಾದಷ್ಟೇ ದ್ರಾವಣ ಮಾಡೋಣ. ದಡದ ಮರಗಳಿಗೆ ಕೊಡಲಿ ಹಾಕದಿರೋಣ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ. ವಿದ್ಯಾರ್ಥಿಗಳು ತಮ್ಮೂರ ಹಳ್ಳದಲ್ಲಿ ಯಾವ ಯಾವ ಮೀನುಗಳಿದ್ದವು, ಈಗ ಯಾವುವು ಉಳಿದಿವೆ ಎಂದು ಹಿರಿಯರನ್ನು ಕೇಳಿ ಬರೆದಿಡಲಿ.

ಶಿಶಿಲಕ್ಕೆ ಖಂಡಿತ ಹೋಗಿಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಹಿಂದಿರುಗಿದ ಮೇಲೆ ನಿಮ್ಮ ಮನೆಯ ಕೆಳಗಿನ ಹಳ್ಳಕ್ಕೂ ಒಮ್ಮೆ ಇಳಿದು ನೋಡಿ. ಅಲ್ಲಿರುವುದೂ ದೇವರ ಮೀನೇ.