ಗಣಿಯೂರಿನ ಕಾಲುದಾರಿ

ಅಮೆರಿಕಾದ ಪಶ್ಚಿಮ ವರ್ಜಿನಿಯಾ ಸಂಸ್ಥಾನದಲ್ಲಿ ನ್ಯೂ ರಿವರ್ ಎಂಬ ನದಿಯು ಕೊರೆದಿರುವ ಆಳವಾದ ಕಣಿವೆಯೊಂದುಂಟು. ಅದರ ಇಳಿಜಾರಿನಲ್ಲಿ ನಟಲ್‌ಬರ್ಗ್ ಎಂಬ ಕಲ್ಲಿದ್ದಲಿನ ಊರಿತ್ತು. ಈಗ ಆ ಊರು ಬರಿದಾಗಿದೆ. ರಾಷ್ಟ್ರೀಯ ಉದ್ಯಾನದ ಇಲಾಖೆಯವರು ಅಲ್ಲಿ ಕಾಲುದಾರಿಗಳನ್ನು ಏರ್ಪಡಿಸಿರುವರು. ಆ ದಾರಿಗಳಲ್ಲಿ ನಡೆಯುವವರು ಏನನ್ನು ನೋಡಬೇಕೆಂಬ ವಿಷಯದಲ್ಲಿ ಒಂದು ತಪ್ಪು ಭಾವನೆಯು ಬಲವಾಗಿ ಬೇರೂರಿದೆ. ಅದನ್ನು ವಿಚಾರಿಸಿ ಖಂಡಿಸುವುದು ಅವಶ್ಯವಾಗಿದೆ.

ಇಂಗ್ಲೆಂಡಿನಲ್ಲಿ ಹುಟ್ಟಿದ ಜಾನ್ ನಟಲ್ ಎಂಬಾತನು ಈ ಊರನ್ನು ಸ್ಥಾಪಿಸಿದನು. 1873ರಲ್ಲಿ ರೈಲುಮಾರ್ಗವು ಕಣಿವೆಗೆ ಬಂದೊಡನೆ ಇಲ್ಲಿಂದ ಇದ್ದಲು ಹೊರಟಿತು. 1920ರಲ್ಲಿ ಹೆನ್ರಿ ಫೋರ್ಡ್ ತನ್ನ ಉಕ್ಕಿನ ಕಾರ್ಖಾನೆಗಳಿಗಾಗಿ ಗಣಿಯನ್ನು ಗುತ್ತಿಗೆಗೆ ಪಡೆದನು. ಮೇಲಿನ ಸುರಂಗದ ಬಾಯಿಂದ ಕೆಳಗಿನ ರೈಲುಬಂಡಿಗಳವರೆಗೆ ಇದ್ದಲನ್ನಿಳಿಸಲು 1,385 ಅಡಿ ಉದ್ದದ ಯಂತ್ರಮಾರ್ಗವು ನಿರ್ಮಿತವಾಯಿತು. ಅದು ಇಂದಿಗೂ ನಿಂತಿದೆ.

ಪೂರ್ವಪಕ್ಷವು ಇಲ್ಲಿಯೇ ಹುಟ್ಟುವುದು. “ಈ ಯಂತ್ರಮಾರ್ಗವೇ ಊರಿನ ಸಾರ, ಅದನ್ನೂ ಫೋರ್ಡನ ಹೆಸರನ್ನೂ ಕಂಡು ಕೇಳಿದವನಿಗೆ ಮಿಕ್ಕ ಅಡಿಪಾಯದ ಕಲ್ಲುಗಳಿಂದೇನು ಪ್ರಯೋಜನ?” ಎಂದು ಕೆಲವರು ವಾದಿಸುವರು. ಈ ವಾದವು ಯುಕ್ತಿಗೆ ನಿಲ್ಲದು. ಗಣಿಯು 1873ರಿಂದ 1958ರ ವರೆಗೆ 85 ವರ್ಷ ನಡೆಯಿತು. ಫೋರ್ಡನಾದರೋ, ರೈಲುಮಾರ್ಗವು ತನ್ನ ಅಧೀನಕ್ಕೆ ಬಾರದಿರಲು, 1928ರಲ್ಲಿಯೇ ಇದನ್ನು ಬಿಟ್ಟುಹೋದನು. ಎಂಟು ವರ್ಷದ ಒಡೆಯನಿಗೆ ಕೀರ್ತಿ, ತಲೆಮಾರುಗಳ ಕಾಲ ದುಡಿದವರಿಗೆ ಮರೆವು ಎಂಬುದು ಯಾವ ನ್ಯಾಯ? ತೇರನ್ನು ಹೊಗಳಿ, ಅದರ ಮಿಣಿಯನ್ನೆಳೆದವರನ್ನು ಮರೆತಂತೆ ಇದು. ಉಕ್ಕು ಗಟ್ಟಿಯಾದುದರಿಂದ ಉಳಿಯಿತು, ಮರದ ಮನೆಗಳು ಕೊಳೆತುಹೋದವು. ಉಳಿದುದೇ ಶ್ರೇಷ್ಠವೆಂದರೆ ತುಕ್ಕು ಗೆದ್ದಲುಗಳೇ ಚರಿತ್ರೆಯನ್ನು ತೀರ್ಮಾನಿಸಿದಂತಾಗುವುದು.

ಊರನ್ನು ಸುತ್ತುವ ಕಾಲುದಾರಿಯೊಂದು ಪ್ರತ್ಯೇಕವಾಗಿಯೇ ಇದೆ. ಅದರಲ್ಲಿ ನಡೆದವನಿಗೆ ಯಂತ್ರಮಾರ್ಗವು ಹೇಳಲಾರದ ಸಂಗತಿಗಳು ತಿಳಿಯುವುವು. ಶಾರ್ಟ್ ಕ್ರೀಕ್ ಎಂಬ ಹಳ್ಳದ ಒಂದು ಮಗ್ಗುಲಲ್ಲಿ ಬಿಳಿಯರೂ ಇನ್ನೊಂದು ಮಗ್ಗುಲಲ್ಲಿ ಕರಿಯರೂ ವಾಸಿಸುತ್ತಿದ್ದರು; ಶಾಲೆಗಳು ಬೇರೆ, ಪ್ರಾರ್ಥನಾಮಂದಿರಗಳು ಬೇರೆ. ಗಣಿಯ ಕತ್ತಲೆಯಲ್ಲಿ ಒಂದೇ ಮಸಿಯನ್ನು ಬಳಿದುಕೊಂಡವರು ಸಂಜೆ ಹಳ್ಳದ ಎರಡು ದಡಗಳಿಗೆ ಮರಳುತ್ತಿದ್ದರು. ಇಂಥ ಊರುಗಳಲ್ಲಿ ಮನೆಯು ಕಂಪನಿಯದು, ಅಂಗಡಿಯೂ ಕಂಪನಿಯದು. ಕೆಲಸ ಹೋದವನಿಗೆ ಸೂರೂ ಹೋಗುತ್ತಿತ್ತು. ಕುರುಚಲು ಗಿಡಗಳ ನಡುವಣ ಆ ಕಲ್ಲುಗಳೇ ಇದಕ್ಕೆ ಸಾಕ್ಷಿ. ಅವುಗಳನ್ನು ನಿಷ್ಪ್ರಯೋಜಕವೆನ್ನುವವರು ಸಾಕ್ಷಿಯನ್ನು ಹೊರಗಟ್ಟಿ ತೀರ್ಪನ್ನು ಬರೆಯುವವರು.

ಇನ್ನು ಕೆಲವರು, “ಕಾಲುದಾರಿಯಿರುವುದು ಆರೋಗ್ಯಕ್ಕೂ ವನಶೋಭೆಯ ದರ್ಶನಕ್ಕೂ, ಅಲ್ಲಿ ದುಃಖವನ್ನೇಕೆ ಕೆದಕಬೇಕು?” ಎನ್ನುವರು. ಅದೇ ಕಣಿವೆಯ ಕೇಮೂರ್ ಗಣಿಯು 1899ರಿಂದ 1962ರ ವರೆಗೆ ನಡೆಯಿತು. ಅಲ್ಲಿಯ 821 ಮೆಟ್ಟಿಲುಗಳನ್ನು ಇಳಿದು ಹತ್ತುವುದನ್ನು ವಿಹಾರಿಗಳು ಸಾಹಸವೆಂದೆಣಿಸುವರು. ಇಳಿದು ಹತ್ತಿದವನು ಮನೆಗೆ ಬರುವನು. ಅದೇ ಕಣಿವೆಯ ರೆಡ್ ಆಶ್ ಗಣಿಯಲ್ಲಿ 1900ರ ಮಾರ್ಚಿಯಲ್ಲಿ ಸ್ಫೋಟವಾಗಲು 46 ಮಂದಿ ಮನೆಗೆ ಬರಲಿಲ್ಲ. ವನಶೋಭೆಯನ್ನು ಯಾರೂ ನಿಷೇಧಿಸಿಲ್ಲ. ಆದರೆ ಆ ವನವು ಬೆಳೆದಿರುವುದು ಮನೆಗಳ ಮೇಲೆ. ಇದನ್ನರಿಯದೆ ಹಸುರನ್ನು ಮೆಚ್ಚುವವನು ಅರ್ಧ ಮಾತ್ರ ನೋಡಿದವನು.

ಕಣಿವೆಗೆ 2020ರಲ್ಲಿ ರಾಷ್ಟ್ರೀಯ ಉದ್ಯಾನವೆಂಬ ಪದವಿಯು ಲಭಿಸಿದೆ, ಯಾತ್ರಿಕರಿಗೆ ಕೊರತೆಯಿಲ್ಲ. ಆದಕಾರಣ ಅವರಿಗೆ ಮಾರ್ಗವನ್ನು ತೋರುವವರು ಕ್ರಮವನ್ನು ತಿರುಗಿಸಲಿ: ಮೊದಲು ಹಳ್ಳದ ಎರಡು ದಡಗಳು, ಆಮೇಲೆ ಶಾಲೆಗಳ ಕಲ್ಲುಗಳು, ಕಟ್ಟಕಡೆಗೆ ಯಂತ್ರ. ಯಂತ್ರವನ್ನು ನೋಡುವ ಹೊತ್ತಿಗೆ, ಅದು ಇಳಿಸಿದ ಇದ್ದಲನ್ನು ಅಗೆದವರಾರೆಂಬುದು ನೋಡುವವನಿಗೆ ತಿಳಿದಿರಬೇಕು.