ಕೂಡಿ ನುಡಿಸುವ ವಿದ್ಯೆ

2013ರಲ್ಲಿ ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ನಡೆದ ವ್ಯಾನ್ ಕ್ಲೈಬರ್ನ್ ಪಿಯಾನೊ ಸ್ಪರ್ಧೆಯಲ್ಲಿ ಇಟಲಿಯ ಬೆಯಾತ್ರಿಚೆ ರಾನಾ ಎರಡನೆಯ ಬಹುಮಾನವನ್ನೂ ಶ್ರೋತೃಗಳ ಬಹುಮಾನವನ್ನೂ ಪಡೆದರು. ಆಗ ಅವರಿಗೆ 20 ವರ್ಷ. ಮಾಂಟ್ರಿಯಲ್ ಸ್ಪರ್ಧೆಯನ್ನು 2011ರಲ್ಲೇ ಗೆದ್ದಿದ್ದರು. ಇಷ್ಟಾದವರು ಮುಂದೆ ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವುದೇ: ದೊಡ್ಡ ಆರ್ಕೆಸ್ಟ್ರಾಗಳು, ದೊಡ್ಡ ಸಭಾಂಗಣಗಳು, ಧ್ವನಿಮುದ್ರಣಗಳು. ರಾನಾ ಆ ದಾರಿಯಲ್ಲೂ ನಡೆದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು. 2017ರಲ್ಲಿ, ಹುಟ್ಟೂರು ಕೊಪರ್ಟೀನೊಗೆ ಹತ್ತಿರದ ಲೆಚ್ಚೆ ನಗರದಲ್ಲಿ ‘ಕ್ಲಾಸಿಕೆ ಫೋರ್ಮೆ’ ಎಂಬ, ಕೆಲವೇ ವಾದಕರು ಕೂಡಿ ನುಡಿಸುವ ಚೇಂಬರ್ ಸಂಗೀತದ ಉತ್ಸವವನ್ನು ಆರಂಭಿಸಿದರು. ಒಂಟಿಯಾಗಿ ವೇದಿಕೆ ತುಂಬಬಲ್ಲವರು ನಾಲ್ಕಾರು ಜನರೊಡನೆ ಕೂತು ನುಡಿಸಲು ಇಷ್ಟು ಹಂಬಲಿಸುವುದು ಏಕೆ?

ಪಿಯಾನೊ ಕಲಿಯುವ ಮಗುವಿನ ಏಕಾಂತದಲ್ಲಿ ಇದಕ್ಕೆ ಉತ್ತರವಿದೆ. ಪಿಟೀಲು ಕಲಿಯುವ ಮಗು ಶಾಲೆಯ ಆರ್ಕೆಸ್ಟ್ರಾದಲ್ಲಿ ಬೇಗನೆ ಜಾಗ ಪಡೆದು ಪಕ್ಕದವರ ಬಿಲ್ಲಿನ ಚಲನೆ ನೋಡುತ್ತ ಬೆಳೆಯುತ್ತದೆ. ಪಿಯಾನೊಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ರಾಗವೂ ಹಿಮ್ಮೇಳವೂ ಎರಡು ಕೈಗಳಲ್ಲೇ ಇರುವುದರಿಂದ ಇನ್ನೊಬ್ಬರು ಬೇಕೆಂದೇ ಅನಿಸುವುದಿಲ್ಲ. ಹತ್ತು ಹದಿನೈದು ವರ್ಷ ಹೀಗೆ ಸಾಧನೆ ಮಾಡಿದವರ ಬೆರಳು ಪಳಗುತ್ತದೆ, ಕಿವಿ ಮಾತ್ರ ತನ್ನನ್ನಷ್ಟೇ ಕೇಳಲು ಒಗ್ಗಿಹೋಗುತ್ತದೆ.

ಚೇಂಬರ್ ಸಂಗೀತ ಆ ಕಿವಿಯನ್ನು ತಿದ್ದುತ್ತದೆ. ಅಲ್ಲಿ ಆರ್ಕೆಸ್ಟ್ರಾದಲ್ಲಿರುವಂತೆ ಕೈಸನ್ನೆ ಮಾಡಿ ನಡೆಸುವವರು ಯಾರೂ ಇಲ್ಲ. ಯಾರೋ ಒಬ್ಬರು ಎಳೆದುಕೊಂಡ ಉಸಿರೇ ಎಲ್ಲರಿಗೂ ಆರಂಭದ ಸೂಚನೆ. ಪಿಟೀಲಿನವರ ಮುಂದಿರುವ ಹಾಳೆಯಲ್ಲಿ ಅವರ ಸ್ವರಗಳಷ್ಟೇ ಇರುತ್ತವೆ. ಪಿಯಾನೊದವರ ಹಾಳೆಯಲ್ಲಿ ಎಲ್ಲರ ಸ್ವರಗಳೂ ಇರುತ್ತವೆ. ಹೀಗಾಗಿ ಇಡೀ ಕೃತಿಯನ್ನು ಕಣ್ಣಮುಂದೆ ಇಟ್ಟುಕೊಳ್ಳುವ ಹೊಣೆ ಅವರದು. ಪಿಟೀಲಿನ ಒಂದು ಸ್ವರ ಬಿಲ್ಲು ಸಾಗಿದಂತೆ ಹಿಗ್ಗಬಲ್ಲದು. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಈ ಎರಡನ್ನೂ ಒಂದೇ ನುಡಿಯಂತೆ ಕೇಳಿಸಬೇಕಾದರೆ ಬೆರಳಿನ ಭಾರ, ಪೆಡಲಿನ ಆಳ, ಎಡಗೈಯ ಸಂಯಮ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ನಮ್ಮ ಕರ್ನಾಟಕ ಸಂಗೀತದಲ್ಲಿ ಗಾಯಕರ ಆಲಾಪನೆಯ ಪ್ರತಿ ತಿರುವನ್ನೂ ಹಿಡಿದು ಮರುನುಡಿಯುವ ಪಿಟೀಲು ವಿದ್ವಾಂಸರನ್ನು ಕಛೇರಿಗಳಲ್ಲಿ ಕೇಳಿದವರಿಗೆ ಈ ಸಾಧನೆಯ ಬೆಲೆ ಗೊತ್ತು.

ತಂತಿವಾದ್ಯವೂ ಪಿಯಾನೊವೂ ಒಂದನ್ನೊಂದು ಬೇಡುತ್ತವೆ ಎಂಬುದಕ್ಕೆ ಸಂಯೋಜಕ ಬ್ರಾಮ್ಸ್‌ನ ಎಫ್ ಮೈನರ್ ಪಿಯಾನೊ ಕ್ವಿಂಟೆಟ್ ಸಾಕ್ಷಿ. ಅವನು ಅದನ್ನು ಮೊದಲು ತಂತಿವಾದ್ಯಗಳಿಗಷ್ಟೇ ಬರೆದ. ತೃಪ್ತಿಯಾಗದೆ ಎರಡು ಪಿಯಾನೊಗಳಿಗೆ ಅಳವಡಿಸಿದ. 1864ರಲ್ಲಿ ಪಿಯಾನೊವನ್ನೂ ನಾಲ್ಕು ತಂತಿವಾದ್ಯಗಳನ್ನೂ ಕೂಡಿಸಿದಾಗ ಇಂದು ನಾವು ಕೇಳುವ ರೂಪ ಸಿದ್ಧವಾಯಿತು. ತಂತಿಯ ಎಳೆತವೂ ಪಿಯಾನೊದ ಹೊಡೆತವೂ ಎರಡೂ ಆ ಸಂಗೀತಕ್ಕೆ ಬೇಕಿದ್ದವು.

ಪಿಯಾನೊವಾದಕ ರುಡಾಲ್ಫ್ ಸೆರ್ಕಿನ್‌ರ ಬದುಕು ಇನ್ನೂ ದೊಡ್ಡ ಪಾಠ. 12ರ ವಯಸ್ಸಿನಲ್ಲೇ ವಿಯೆನ್ನಾದಲ್ಲಿ ಆರ್ಕೆಸ್ಟ್ರಾದೊಡನೆ ನುಡಿಸಿದ್ದ ಈ ಬಾಲಪ್ರತಿಭೆ, 1920ರಲ್ಲಿ 17ರ ಹರೆಯದಲ್ಲಿ ಬರ್ಲಿನ್‌ಗೆ ಬಂದು ಪಿಟೀಲುವಾದಕ ಆಡೊಲ್ಫ್ ಬುಶ್ ಅವರ ಮನೆಯವನೇ ಆಗಿಬಿಟ್ಟ. ಬುಶ್‌ರೊಡನೆ ಸೊನಾಟಾಗಳನ್ನು ನುಡಿಸುತ್ತ ಬೆಳೆದ. ಹಿಟ್ಲರ್ ಬಂದ ಮೇಲೆ ಬುಶ್ ಯೆಹೂದಿಯಲ್ಲದಿದ್ದರೂ ಜರ್ಮನಿಯಲ್ಲಿ ನುಡಿಸಲು ಒಪ್ಪಲಿಲ್ಲ; ಯೆಹೂದಿಯಾದ ಸೆರ್ಕಿನ್ ಅಲ್ಲಿ ನುಡಿಸುವಂತೆಯೇ ಇರಲಿಲ್ಲ. ಕೊನೆಗೆ ಇಬ್ಬರೂ ಅಮೆರಿಕ ಸೇರಿದರು. ಅಲ್ಲಿ 1951ರಲ್ಲಿ ಇತರರೊಡನೆ ವರ್ಮಾಂಟ್‌ನಲ್ಲಿ ಮಾರ್ಲ್‌ಬರೊ ಉತ್ಸವವನ್ನು ಕಟ್ಟಿದರು. ಇಂದಿಗೂ ಅಲ್ಲಿ ಬೇಸಿಗೆಯಲ್ಲಿ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ಕೂತು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅಭ್ಯಾಸ ಮಾಡಿದ್ದೆಲ್ಲ ವೇದಿಕೆಗೆ ಬರಲೇಬೇಕೆಂಬ ಒತ್ತಾಯವಿಲ್ಲ. ಅವಸರವಿಲ್ಲದ ಈ ಕೂಡುಸಾಧನೆಯಿಂದಲೇ 1964ರಲ್ಲಿ ಗ್ವಾರ್ನೇರಿ ಕ್ವಾರ್ಟೆಟ್ ಎಂಬ ನಾಲ್ವರು ತಂತಿವಾದಕರ ತಂಡ ಹುಟ್ಟಿತು.

ಎಳೆಯ ಕಲಾವಿದರ ಪರಿಚಯ ಬರೆಯುವಾಗ ನಾವು ಬಹುಮಾನಗಳನ್ನು ಎಣಿಸುತ್ತೇವೆ. ಬಹುಮಾನ ಬಾಗಿಲು ತೆರೆಯುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕಲಾವಿದರು ಯಾರೊಡನೆ ಕೂತು ನುಡಿಸುತ್ತಾರೆ ಎಂಬುದನ್ನೂ ಕೇಳಬೇಕು. ಬೆಂಗಳೂರಿನಲ್ಲೂ ಇಂದು ಅನೇಕ ಮಕ್ಕಳು ಲಂಡನ್‌ನ ಸಂಗೀತ ಪರೀಕ್ಷಾ ಮಂಡಳಿಗಳ ಪಿಯಾನೊ ಗ್ರೇಡುಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಾರೆ. ಅವರ ತಂದೆತಾಯಿಗಳಿಗೂ ಶಿಕ್ಷಕರಿಗೂ ನನ್ನ ಮನವಿ ಇಷ್ಟೇ: ಮುಂದಿನ ಗ್ರೇಡಿಗೆ ಕಟ್ಟಿಸುವ ಮೊದಲು ಪಿಟೀಲು ಕಲಿಯುತ್ತಿರುವ ಒಂದು ಮಗುವನ್ನು ಹುಡುಕಿ, ಇಬ್ಬರ ಕೈಗೂ ಮೊಜಾರ್ಟ್‌ನ ಒಂದು ಸರಳ ಸೊನಾಟಾ ಕೊಡಿ. ಇನ್ನೊಬ್ಬರಿಗಾಗಿ ಕಾಯುವುದನ್ನು, ಅಗತ್ಯವಿದ್ದಲ್ಲಿ ದನಿ ತಗ್ಗಿಸುವುದನ್ನು ಆ ವಯಸ್ಸಿನಲ್ಲಿ ಕಲಿತ ಮಗು ಮುಂದೆ ಒಬ್ಬಂಟಿಯಾಗಿ ನುಡಿಸಿದರೂ ಹೆಚ್ಚು ಆಳವಾಗಿ ನುಡಿಸುತ್ತದೆ.