ಎರಡು ಮನೆಗೆ ಒಂದೇ ಬಾವಿ

ಮಕ್ಕಳೇ, ಬಾವಿಯ ನೆತ್ತಿಯ ಮೇಲೆ ಗೋಡೆ ಹಾದುಹೋಗುವುದನ್ನು ನೋಡಿದ್ದೀರಾ? ಬಸವನಗುಡಿಯ ನಮ್ಮ ಮನೆ ಹಿತ್ತಿಲಿಗೆ ಬಂದರೆ ನೋಡಬಹುದು. ಅರ್ಧ ಬಾವಿ ನಮ್ಮದು, ಅರ್ಧ ಪಕ್ಕದ ಮನೆಯದು. ಆಚೆಗೊಂದು ರಾಟೆ, ಈಚೆಗೊಂದು ರಾಟೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನ ಹೊರಕ್ಕೆ ಬಂದರು. ಬಸವನಗುಡಿ, ಮಲ್ಲೇಶ್ವರ ಆ ಕಾಲದಲ್ಲಿ ಬೆಳೆದ ಬಡಾವಣೆಗಳು. ಆಮೇಲೆ ನಮ್ಮ ತಾತ ಇಲ್ಲಿ ಮನೆ ಕಟ್ಟಿಸುವಾಗ, ಬಾವಿಯ ಖರ್ಚನ್ನು ಪಕ್ಕದವರೂ ಅವರೂ ಅರ್ಧರ್ಧ ಹಾಕಿಕೊಂಡರಂತೆ. ಬ್ಯಾಂಕಿನ ಭಾಷೆಯಲ್ಲಿ ಜಂಟಿ ಖಾತೆ!

ಗೋಡೆಯಿಂದಾಗಿ ಮುಖ ಕಾಣುತ್ತಿರಲಿಲ್ಲ, ಮಾತು ಬಾವಿಯೊಳಗಿಂದ ಬರುತ್ತಿತ್ತು. "ಇವತ್ತೇನು ಹುಳಿ?" ಎಂದು ನಮ್ಮಜ್ಜಿ ಬಗ್ಗಿ ಕೇಳಿದರೆ, "ಬದನೇಕಾಯಿ" ಎಂದು ಬಾವಿ ಉತ್ತರ ಕೊಡುತ್ತಿತ್ತು. ಅದು ಪಕ್ಕದ ಮನೆ ಮಾಮಿಯ ದನಿ.

ಕೊಡ ಕಳಚಿ ಬಿದ್ದರೆ ಪಾತಾಳಗರಡಿ ಬೇಕು. ಕಬ್ಬಿಣದ ಬಳೆಗೆ ಸುತ್ತ ಕೊಕ್ಕೆಗಳು. ಹಗ್ಗ ಕಟ್ಟಿ ಇಳಿಬಿಟ್ಟು ತಡಕಾಡಿದರೆ ಕೊಡ ಸಿಕ್ಕಿಕೊಂಡು ಮೇಲೆ ಬರುತ್ತದೆ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ, ಮಾಮಿಯ ಹತ್ತಿರ. ತಂಬಿಗೆಯೋ ಚೊಂಬೋ ಅಡವಿಡದೆ ಕೊಡುತ್ತಿರಲಿಲ್ಲ. ನಾನು ಕಂಡ ಮೊದಲ ಸಾಲದ ವ್ಯವಹಾರ ಅದು!

1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು, ಸೇದುವವರು ಯಾರು? ಬಾವಿಗೆ ಚಪ್ಪಡಿ ಹಾಕಿಸಿದವನು ನಾನೇ.

ವಯಸ್ಸಾದ ಮೇಲೆ ಮಾಮಿ ಮಗನ ಊರಿಗೆ ಹೊರಟರು. ಹೋಗುವ ದಿನ ಪಾತಾಳಗರಡಿ ತಂದು ನನ್ನ ಕೈಗಿಟ್ಟರು. ಅಡವು ಕೇಳಲಿಲ್ಲ. ಅವರ ಮನೆ ಬಿತ್ತು, ಅಪಾರ್ಟ್‌ಮೆಂಟ್ ಏಳತೊಡಗಿತು. ಒಂದು ಬೆಳಿಗ್ಗೆ ಕಂಟ್ರಾಕ್ಟರು ಕಾಗದ ಹಿಡಿದು ಬಂದ. "ನಮ್ಮ ಅರ್ಧ ಮುಚ್ಕೋತೀವಿ ಸಾರ್, ಒಂದು ಸಹಿ ಹಾಕಿ." ಪೆನ್ನು ತೆಗೆದೇಬಿಟ್ಟಿದ್ದೆ. ಆಗ ಎರಡನೇ ಕ್ಲಾಸಿನಲ್ಲಿದ್ದ ಮೊಮ್ಮಗ ಕೇಳಿದ: "ತಾತ, ಅರ್ಧ ಬಾವಿ ಹೆಂಗೆ ಮುಚ್ತಾರೆ?"

ಪೆನ್ನಿನ ಮುಚ್ಚಳ ಹಾಕಿದೆ. "2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರಲ್ಲಪ್ಪ. ಹೇಗೂ ಗುಂಡಿ ತೋಡಬೇಕು. ಇರೋ ಬಾವಿಗೇ ತಾರಸಿ ನೀರು ಬಿಡು, ಖರ್ಚು ಉಳಿಯುತ್ತೆ" ಎಂದೆ. ಕೊನೆಯ ಮಾತು ಅವನಿಗೆ ಚೆನ್ನಾಗಿ ಅರ್ಥವಾಯಿತು. ಚಪ್ಪಡಿ ಹೋಗಿ ಎರಡೂ ಕಡೆ ಕಬ್ಬಿಣದ ಜಾಲರಿ ಬಂತು. ಜಲ್ಲಿ, ಮರಳಿನಲ್ಲಿ ಸೋಸಿದ ಮಳೆನೀರು ಅಂದಿನಿಂದ ಬಾವಿಗೆ ಇಳಿಯುತ್ತಿದೆ.

2024ರ ಬೇಸಿಗೆ ನಿಮಗೆ ನೆನಪಿರಬೇಕು, ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಅಪಾರ್ಟ್‌ಮೆಂಟಿನದೂ ಬತ್ತಿತು. ಬಾವಿಯ ತಳದಲ್ಲಿ ಮಾತ್ರ ನಾಲ್ಕಡಿ ನೀರಿತ್ತು. ಕುಡಿಯಲು ಅಲ್ಲ, ಗಿಡಕ್ಕೆ, ಬಟ್ಟೆಗೆ. ಜಾಲರಿಯ ಬೀಗ ತೆಗೆದು ವಾಚ್‌ಮನ್ ಸೇದತೊಡಗಿದ. ಮೂರನೇ ದಿನವೇ ಬಕೆಟ್ ಕಳಚಿ ಬಿತ್ತು.

ಅಲ್ಲಿನ ಪುಟ್ಟ ಹುಡುಗಿಯೊಬ್ಬಳು ಗೇಟಿಗೆ ಬಂದಳು. "ತಾತಾ, ನಿಮ್ಮತ್ರ ಬಕೆಟ್ ಹಿಡಿಯೋ ಕೊಕ್ಕೆ ಇದ್ಯಂತೆ?"

"ಇದೆ. ಏನು ಅಡವಿಡ್ತೀಯ?"

ಸ್ವಲ್ಪ ಯೋಚಿಸಿ, ಹೆಗಲಿನ ಸ್ಟೀಲ್ ವಾಟರ್ ಬಾಟಲ್ ಕೊಟ್ಟಳು. "ವಾಪಸ್ ಕೊಡ್ಬೇಕು" ಎಂದು ಎರಡು ಸಲ ಹೇಳಿದಳು.

ಮೊದಲು ಬಂದದ್ದು ಬಕೆಟ್ ಅಲ್ಲ, ಹಸಿರು ಹಿಡಿದ ಹಿತ್ತಾಳೆ ತಂಬಿಗೆ. ಕಂಠದ ಹತ್ತಿರ ಏನೋ ಹೆಸರು ಕೊರೆದಿತ್ತು. ಹುಡುಗಿ ಹುಣಸೇಹಣ್ಣು ಹಚ್ಚಿ ಮೂರು ದಿನ ಉಜ್ಜಿದರೂ ಒಂದು 'ಲ' ಮಾತ್ರ ಕಂಡಿತು. ನಮ್ಮಜ್ಜಿಯ ಹೆಸರಿನಲ್ಲೂ 'ಲ' ಇದೆ, ಮಾಮಿಯ ಹೆಸರಿನಲ್ಲೂ ಇದೆ. ಹಾಗಾಗಿ ತಂಬಿಗೆ ಈಗ ನಡುಗೋಡೆಯ ಮೇಲೆ ಕೂತಿದೆ.